ಮಳೆಗಾಲದಲ್ಲಿ ಹಳೆ ವಸ್ತು ಕಾಯುವುದು: ನನ್ನ ಅನುಭವ

ನಾನು ಸಾಗರದ ಕಡೆಯ ಒಂದು ವಸತಿ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಗ್ರಂಥಾಲಯದ ಹಿಂದಿನ ಕೋಣೆಯ ಬೀಗದ ಕೈ ಎಂಟು ವರ್ಷದಿಂದ ನನ್ನ ಹತ್ತಿರ ಇದೆ. ಒಳಗಿರುವುದು ಊರಿನವರು, ಹಳೆ ವಿದ್ಯಾರ್ಥಿಗಳು ತಂದುಕೊಟ್ಟ ವಸ್ತುಗಳು. ಓಲೆಗರಿ ಕಟ್ಟುಗಳು, ಕಡತ, ಮದುವೆಗೆ ಬರೆಯುವ ಹಸೆ ಚಿತ್ತಾರ, ಗುಡಿಗಾರರು ಕೆತ್ತಿದ ಗಂಧದ ಪೆಟ್ಟಿಗೆ, ಮರದ ಮರಿಗೆ, ಧಾನ್ಯ ಅಳೆಯುವ ಕೊಳಗ, ಹಳೆ ಫೋಟೋಗಳು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದು ಊರುಗಳು ಮುಳುಗಡೆಯಾದಾಗ ಜನ ಹೊತ್ತು ತಂದ ಸಾಮಾನೂ ಇದರಲ್ಲಿದೆ. ಅದು ಇದ್ದ ಮನೆಗಳು ಈಗ ನೀರಿನಡಿ.

ಮೊದಲ ಮಳೆಗಾಲದಲ್ಲೇ ದೊಡ್ಡ ತಪ್ಪು ಮಾಡಿದೆ. ಬೀರು ತೆಗೆದರೆ ಒಂದು ಕಡತದ ಮೇಲೆ ಬಿಳಿ ಬೂಷ್ಟು. ಗಾಬರಿಯಲ್ಲಿ ಒದ್ದೆ ಬಟ್ಟೆ ತಂದು ಮೆತ್ತಗೆ ಒರೆಸಿದೆ. ಬೂಷ್ಟಿನ ಜೊತೆ ಅಕ್ಷರವೂ ಹೋಯಿತು. ಎರಡು ಸಾಲು.

ಕಡತ ಅಂದರೆ ಈಗ ನಮಗೆ ಆಫೀಸಿನ ಫೈಲು. ಮೊದಲು ಅದು ಬಟ್ಟೆ. ಹುಣಸೆ ಬೀಜದ ಅಂಟಿಗೆ ಇದ್ದಿಲ ಪುಡಿ ಸೇರಿಸಿ ಬಟ್ಟೆಗೆ ಬಳಿಯುತ್ತಿದ್ದರು. ಒಣಗಿದ ಮೇಲೆ ಅದು ಕಪ್ಪು ಹಲಗೆಯ ಹಾಗೆ ಗಟ್ಟಿಯಾಗುತ್ತದೆ. ಬಳಪದಲ್ಲಿ ಬರೆದು, ಮಡಿಕೆ ಮಡಿಕೆಯಾಗಿ ಮಡಚಿಡುತ್ತಿದ್ದರು. ಲೆಕ್ಕ ಬೇಡವಾದರೆ ಅಳಿಸಿ, ಮತ್ತೆ ಬಳಿದು, ಹೊಸದು ಬರೆಯಬಹುದು. ಅಂದರೆ ಅಳಿಸಲು ಬರುವ ಹಾಗೇ ಮಾಡಿದ್ದು. ಇದನ್ನು ನಾನು ಕ್ಲಾಸಿನಲ್ಲಿ ಹೇಳಿದ್ದೆ ಕೂಡ. ವಸ್ತು ಕೈಯಲ್ಲಿ ಇದ್ದಾಗ ನೆನಪಾಗಲಿಲ್ಲ. ಅದು ತೋಟದ ಲೆಕ್ಕ. ಉಳಿದ ಸಾಲುಗಳಲ್ಲಿ 'ಶಿಸ್ತು' ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಕೆಳದಿಯ ಶಿವಪ್ಪ ನಾಯಕ 17ನೇ ಶತಮಾನದಲ್ಲಿ ಕಂದಾಯ ನಿಗದಿ ಮಾಡಿದ ಕ್ರಮಕ್ಕೂ ಅದೇ ಹೆಸರು. ಹೋದ ಸಾಲುಗಳಲ್ಲಿ ಏನಿತ್ತು ಅಂತ ಇನ್ನು ಯಾರೂ ಹೇಳಲಾರರು. ರಿಜಿಸ್ಟರಿನಲ್ಲಿ ಹಾಗೇ ಬರೆದಿಟ್ಟೆ: ಮೂರನೇ ಮಡಿಕೆ, ಎರಡು ಸಾಲು, ಒದ್ದೆ ಬಟ್ಟೆಯಿಂದ ಅಳಿಸಿದೆ, ನನ್ನ ಕೈಯಿಂದ.

ಅವತ್ತಿನಿಂದ ರಿಜಿಸ್ಟರಿಗೆ ಎರಡು ಕಾಲಂ ಸೇರಿತು. ಯಾವುದರಿಂದ ಮಾಡಿದ್ದು, ಏನಕ್ಕೆ ಬಳಸುತ್ತಿದ್ದರು. ಇವೆರಡು ತುಂಬುವವರೆಗೆ ಯಾವ ವಸ್ತುವನ್ನೂ ಒರೆಸುವುದಿಲ್ಲ, ತೊಳೆಯುವುದಿಲ್ಲ. ಬೂಷ್ಟು ಬಂದರೆ ಬೇರೆ ಇಟ್ಟು, ಒಣಗಲು ಬಿಟ್ಟು, ಮಾಸ್ಕ್ ಹಾಕಿಕೊಂಡು ಒಣ ಬ್ರಷ್‌ನಲ್ಲಿ ತೆಗೆಯುತ್ತೇವೆ.

ಗಾಳಿಯ ತೇವ 65 ಪರ್ಸೆಂಟ್ ದಾಟಿದರೆ ಬೂಷ್ಟಿಗೆ ಹಬ್ಬ. ಇಲ್ಲಿ ಆಷಾಢದಲ್ಲಿ ನಮ್ಮ ಮೀಟರು 90ರ ಮೇಲೇ ಇರುತ್ತದೆ. ಇಡೀ ಕೋಣೆ ಒಣಗಿಸುವುದು ಆಗದ ಮಾತು. ಹಾಗಾಗಿ ಓಲೆಗರಿ, ಕಡತ, ಫೋಟೋಗಳನ್ನು ಗಾಳಿಯಾಡದ ಡಬ್ಬಿಗಳಲ್ಲಿ, ತೇವ ಹೀರುವ ಸಿಲಿಕಾ ಜೆಲ್ ಹರಳುಗಳ ಜೊತೆ ಇಡುತ್ತೇವೆ. ಡಬ್ಬಿಗೆ ಹಾಕುವುದು ಮಾತ್ರ ಫೆಬ್ರವರಿ, ಮಾರ್ಚಿನಲ್ಲಿ. ಜೂನ್‌ನಲ್ಲಿ ತೇವ ಹಿಡಿದ ವಸ್ತುವನ್ನು ಮುಚ್ಚಿಟ್ಟರೆ ಬೂಷ್ಟನ್ನೇ ಸಾಕಿದ ಹಾಗೆ. ಜೆಲ್ ಬಣ್ಣ ಬದಲಾದರೆ ಬಿಸಿ ಮಾಡಿ ಮತ್ತೆ ಬಳಸಬಹುದು. ನೀಲಿ ಜೆಲ್‌ನಲ್ಲಿ ಕೋಬಾಲ್ಟ್ ಇರುತ್ತದೆ, ಹಾಸ್ಟೆಲ್ ಅಡುಗೆ ಪಾತ್ರೆಯಲ್ಲಿ ದಯವಿಟ್ಟು ಕಾಯಿಸಬೇಡಿ. ಬೀರುಗಳನ್ನು ಗೋಡೆಯಿಂದ ಒಂದು ಮೊಳ ಈಚೆ ಎಳೆದದ್ದು ಪುಕ್ಕಟೆ ಕೆಲಸ. ಅದರಿಂದ ಆದ ಲಾಭ ಜಾಸ್ತಿ.

ಮೂರನೇ ಮಳೆಗಾಲದಲ್ಲಿ ಒಂದು ಮರದ ಪಾತ್ರೆ ಬೆಳಗಾದರೆ ಒದ್ದೆಯಾಗಿರುತ್ತಿತ್ತು. ಮಾಡು ಸೋರುತ್ತಿದೆ ಅಂತ ಹಂಚು ತೆಗೆಸಿ ನೋಡಿದೆವು. ಸೋರಿರಲಿಲ್ಲ. ಪಕ್ಕದಲ್ಲಿದ್ದ ಕತ್ತಿಗೆ ಕೆಂಪಗೆ ತುಕ್ಕು ಹತ್ತಿತ್ತು. ಬೆಳಿಗ್ಗೆ, ಸಂಜೆ ಮೀಟರ್ ನೋಡಲು ಹಾಸ್ಟೆಲ್ ಮಕ್ಕಳದ್ದೇ ಸರದಿ ಇದೆ. ಅವತ್ತಿನ ಸರದಿ ಹೊಸನಗರದ ಕಡೆಯ ಹುಡುಗನದು. ಪಾತ್ರೆಯ ಬಾಯಿಯ ಅಂಚಿನಲ್ಲಿ ಸಾಲಾಗಿ ಹನಿ ಕೂತಿದ್ದವು. ಅವನು ಬೆರಳಲ್ಲಿ ಮುಟ್ಟಿ ನೋಡಿದ. "ಮೇಡಂ, ಇದು ಉಪ್ಪಿನ ಮರಿಗೆ ಅಲ್ವಾ? ನಮ್ಮಜ್ಜಿ ಮನೇಲೂ ಮಳೆಗಾಲಕ್ಕೆ ಹೀಗೇ ನೀರು ಬಿಡ್ತದೆ" ಅಂದ.

ಎಷ್ಟೋ ವರ್ಷದ ಉಪ್ಪು ಮರದೊಳಗೆ ಇಳಿದಿತ್ತು. ಅದು ಗಾಳಿಯ ತೇವ ಎಳೆದುಕೊಂಡು ಬೆವರುತ್ತಿತ್ತು. ನಾವು 'ಮರದ ಪಾತ್ರೆ' ಅಂತ ಸುಮ್ನೆ ಬರೆದು, ಕಬ್ಬಿಣದ ಸಾಮಾನಿನ ಪಕ್ಕ ಇಟ್ಟಿದ್ದೆವು. ನೆನೆಸಿ ಉಪ್ಪು ತೆಗೆಯಿರಿ ಅಂತ ಕೆಲವರು ಹೇಳಿದರು. ನಾನು ಒಪ್ಪಲಿಲ್ಲ. ನೆನೆದ ಹಳೆ ಮರ ಒಣಗುವಾಗ ಸೀಳುತ್ತದೆ. ಜೊತೆಗೆ ಆ ಉಪ್ಪೇ ಅದರ ಕಥೆ. ಈಗ ಅದಕ್ಕೆ ಬೇರೆ ಡಬ್ಬಿ ಇದೆ.

ಓಲೆಗರಿಯ ಕಥೆ ಬೇರೆ. ಅಲ್ಲಿ ಅಕ್ಷರವನ್ನು ಕಬ್ಬಿಣದ ಕಂಟದಿಂದ ಕೊರೆದು ಮಸಿ ತುಂಬಿರುತ್ತಾರೆ. ಹಾಗಾಗಿ ಮಜ್ಜಿಗೆ ಹುಲ್ಲಿನ ಎಣ್ಣೆ ತೆಳುವಾಗಿ ಸವರಿದರೂ ಅಕ್ಷರ ಉಳಿಯುತ್ತದೆ, ಗರಿ ಮೆತ್ತಗಾಗುತ್ತದೆ, ಹುಳು ದೂರ ಇರುತ್ತದೆ. ಕೊರೆಯದೆ ಮೇಲೆ ಶಾಯಿಯಲ್ಲಿ ಬರೆದ ಗರಿಗೆ ಇದನ್ನು ಮಾಡಬಾರದು. ನಮ್ಮಲ್ಲಿ ಕೆಲವು ಕಟ್ಟು ತಿಗಳಾರಿಯವು, ಅದು ಕರಾವಳಿ, ಮಲೆನಾಡಿನ ಒಂದು ಹಳೆ ಲಿಪಿ. ಆ ಲಿಪಿ 2024ರಲ್ಲಿ ಕಂಪ್ಯೂಟರಿನ ಅಕ್ಷರ ಸಂಕೇತಗಳ ಪಟ್ಟಿಯಾದ ಯೂನಿಕೋಡ್‌ಗೆ ಸೇರಿದ್ದು ನನಗೆ ತುಂಬಾ ಖುಷಿ ಕೊಟ್ಟಿತು.

ಚಿತ್ತಾರದ ವಿಷಯ ಕಲಿಸಿದ್ದು ಒಬ್ಬ ವಿದ್ಯಾರ್ಥಿನಿಯ ಅಜ್ಜಿ. ಅವರು ದೀವರು ಸಮುದಾಯದವರು, ಮದುವೆ ಮನೆಗಳಲ್ಲಿ ಹಸೆ ಗೋಡೆ ಬರೆದವರು. ಬಿಳಿ ಗೆರೆ ಅಲ್ಲಲ್ಲಿ ಕಿತ್ತುಹೋದ ಒಂದು ಚಿತ್ತಾರ ತೋರಿಸಿ ಕಾರಣ ಕೇಳಿದೆ. "ಅಕ್ಕಿ ಹಿಟ್ಟಲ್ವಾ ಅಮ್ಮ, ಜಿರಲೆ ಬಿಡ್ತದಾ?" ಅಂದರು. ಕೆಂಪಿಗೆ ಕೆಮ್ಮಣ್ಣು, ಕಪ್ಪಿಗೆ ಸುಟ್ಟ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ಹಳೆಯದನ್ನು ತಾವೇ ತಿದ್ದಿಕೊಡುತ್ತೇನೆ ಅಂದರು. ಅವರ ಲೆಕ್ಕದಲ್ಲಿ ಅದೇ ಸರಿ. ಮದುವೆ ಬಂತು ಅಂದರೆ ಗೋಡೆಗೆ ಹೊಸದಾಗಿ ಬರೆಯುವುದೇ ಪದ್ಧತಿ. ಆದರೆ ಹಳೆ ಕೈಯ ಗೆರೆಯ ಮೇಲೆ ಹೊಸ ಗೆರೆ ಬೀಳುವುದು ನನಗೆ ಬೇಡವಾಗಿತ್ತು. ಹಾಗಂತ ಹೇಳಿದೆ. ಅಜ್ಜಿ ಸ್ವಲ್ಪ ಹೊತ್ತು ಯೋಚಿಸಿದರು. ಆಮೇಲೆ ಮಣ್ಣು ಬಳಿದ ಹಲಗೆಯ ಮೇಲೆ ಅದೇ ಚಿತ್ತಾರವನ್ನು ಬೇರೆಯಾಗಿ ಬರೆದರು. ಮಕ್ಕಳು ಅಕ್ಕಿ ಅರೆದುಕೊಟ್ಟರು. ಎರಡು ದಿನ ಹಿಡಿಯಿತು. ಹೋಗುವಾಗ ಪುಂಡಿ ನಾರಿನ ಕುಂಚವನ್ನೂ ಬಿಟ್ಟುಹೋದರು. ಅದಕ್ಕೂ ಒಂದು ನಂಬರ್ ಕೊಟ್ಟಿದ್ದೇವೆ.