ತೊರೆಯ ಕೈಯ ಹರಳು: ಸಾರ್ಸರರ್ ಆಡಿದ ನನ್ನ ಅನುಭವ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಂದರೆ ಟೇಬಲ್ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ಡೈಸ್ ಉರುಳಿಸುತ್ತಾ ಕಥೆ ಕಟ್ಟುವ ಆಟ. ಅದರಲ್ಲಿ ಹುಟ್ಟಿನಿಂದಲೇ ಮ್ಯಾಜಿಕ್ ಬರುವ ಸಾರ್ಸರರ್ ಪಾತ್ರವನ್ನು ಮೊದಲ ಸಲ ಆಡಿದಾಗ, ನಾನು ಅವನನ್ನು ಪುಸ್ತಕ ಓದಿ ಮ್ಯಾಜಿಕ್ ಕಲಿಯುವ ವಿಜರ್ಡ್ ಥರಾನೇ ಆಡಿದೆ. ಸ್ಪೆಲ್ (ಮಂತ್ರಪ್ರಯೋಗ) ಹೆಸರು ಹೇಳುವುದು, ಡೈಸ್ ಉರುಳಿಸುವುದು, ಡ್ಯಾಮೇಜ್ ಕೂಡಿಸುವುದು, ಅಷ್ಟೇ. ನಾಲ್ಕನೇ ಸೆಷನ್ನಿನಲ್ಲಿ ಕಥೆ ನಡೆಸುವ ನಮ್ಮ ಡಿಎಂ (ಡಂಜನ್ ಮಾಸ್ಟರ್) ಕೇಳಿದ: "ಇವನಿಗೆ ಮ್ಯಾಜಿಕ್ ಹುಟ್ಟಿನಿಂದಲೇ ಬಂದಿದೆ ಅಂತೀಯ. ಹಾಗಾದ್ರೆ ಚಿಕ್ಕವನಿದ್ದಾಗ ಇವನು ಹಟ ಮಾಡಿ ಅತ್ತರೆ ಮನೇಲಿ ಏನಾಗ್ತಿತ್ತು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಪ್ರಶ್ನೆ ತಲೆಯಲ್ಲಿ ಕೂತುಬಿಟ್ಟಿತು. ಮುಂದಿನ ಕಥೆಗೆ ಹೊಸ ಪಾತ್ರ ಮಾಡುವಾಗ ಶುರು ಮಾಡಿದ್ದೇ ಅಲ್ಲಿಂದ.

ಈ ಆಟ 1974ರಲ್ಲಿ ಬಂತು. ಆದರೆ ಸಾರ್ಸರರ್ ಅನ್ನುವ ಬೇರೆಯದೇ ಕ್ಲಾಸ್ (ಪಾತ್ರದ ಬಗೆ) ಸೇರಿದ್ದು 2000ದಲ್ಲಿ, ಮೂರನೇ ಆವೃತ್ತಿಯಲ್ಲಿ. ನಾವು ಆಡುವುದು 2014ರ ಐದನೇ ಆವೃತ್ತಿಯ ನಿಯಮ. ಅದರಲ್ಲಿ ವಿಜರ್ಡ್ ಆರು ಸ್ಪೆಲ್ ಬರೆದ ಪುಸ್ತಕ ಹಿಡಿದುಕೊಂಡೇ ಹೊರಡುತ್ತಾನೆ. ದಾರಿಯಲ್ಲಿ ಹೊಸ ಸ್ಪೆಲ್ ಸಿಕ್ಕರೆ, ಆ ಸ್ಪೆಲ್ಲಿನ ಒಂದೊಂದು ಲೆವೆಲ್ಲಿಗೆ ಎರಡು ಗಂಟೆ ಮತ್ತು 50 ಚಿನ್ನದ ನಾಣ್ಯ ಖರ್ಚು ಮಾಡಿ ನಕಲು ಮಾಡಿಕೊಳ್ಳಬಹುದು. ಸಾರ್ಸರರ್‌ಗೆ ಕ್ಯಾಂಟ್ರಿಪ್ ಅನ್ನುವ ಚಿಲ್ಲರೆ ಸ್ಪೆಲ್‌ಗಳು ಬಿಟ್ಟರೆ ಪಾತ್ರದ ಮೊದಲ ಲೆವೆಲ್‌ನಲ್ಲಿ ಬರುವುದು ಎರಡೇ ಸ್ಪೆಲ್. 20ನೇ ಲೆವೆಲ್ ಮುಟ್ಟಿದರೂ 15. ಇದನ್ನು ತುಂಬಾ ಜನ ಕೊರತೆ ಅಂತ ಬೈಯುತ್ತಾರೆ. ನನಗೆ ಪಾತ್ರ ಸಿಕ್ಕಿದ್ದೇ ಆ ಕೊರತೆಯಲ್ಲಿ. ಯಾರೂ ಹೇಳಿಕೊಡದೆ ಒಬ್ಬಳಿಗೆ ಎರಡೇ ಎರಡು ವಿಷಯ ಬರುತ್ತವೆ ಅಂದರೆ, ಆ ಎರಡು ಅವಳ ಸ್ವಭಾವವೇ ಅಲ್ವಾ?

ನನ್ನ ಪಾತ್ರದ ಹೆಸರು ತೊರೆ. ಅಂಬಿಗನ ಮಗಳು. ಅವಳಿಗೆ ಸ್ಲೀಪ್ ಮತ್ತು ಶೀಲ್ಡ್ ಆರಿಸಿದೆ. ಜ್ವರ ಬಂದು ಅಳುತ್ತಿದ್ದ ತಮ್ಮನನ್ನು ತೊಡೆ ಮೇಲೆ ಹಾಕಿಕೊಂಡು ತಟ್ಟುವಾಗ, ತಮ್ಮನ ಜೊತೆ ಅಪ್ಪ, ಅಮ್ಮ, ಹೊಸ್ತಿಲಲ್ಲಿದ್ದ ನಾಯಿ ಎಲ್ಲರೂ ಒಟ್ಟಿಗೆ ಮಲಗಿಬಿಟ್ಟರು. ಒಲೆ ಮೇಲಿನ ಗಂಜಿ ಉಕ್ಕಿ ಹೊತ್ತಿತು. ಅವಳ ಸ್ಲೀಪ್ ಅಂದರೆ ಅದು. ಶೀಲ್ಡ್ ಇನ್ನೂ ಸರಳ. ಯಾರಾದರೂ ಹೊಡೆಯಲು ಬಂದರೆ ನಮ್ಮ ಕೈ ತಾನಾಗಿ ಮುಖದ ಮುಂದೆ ಬರುತ್ತದಲ್ಲ, ಅವಳ ಕೈ ಬಂದರೆ ಗಾಳಿ ಗಟ್ಟಿಯಾಗುತ್ತದೆ. ನಿಯಮದಲ್ಲೂ ಶೀಲ್ಡ್ ರಿಯಾಕ್ಷನ್ನೇ. ಏಟು ಬಿದ್ದ ಗಳಿಗೆಯಲ್ಲೇ ಆಗುವಂಥದ್ದು.

ಆಮೇಲೆ ನನಗೆ ನಾನೇ ಒಂದು ಕಟ್ಟು ಹಾಕಿಕೊಂಡೆ. ಟೇಬಲ್ಲಿನಲ್ಲಿ ಸ್ಪೆಲ್ ಹೆಸರನ್ನು ಮೊದಲು ಹೇಳಬಾರದು. ಮೊದಲು ಮೈಗೆ ಏನಾಗುತ್ತದೆ ಅಂತ ಹೇಳಬೇಕು. "ತೊರೆಗೆ ಆಕಳಿಕೆ ಬರುತ್ತೆ, ತಡೆಯಕ್ಕಾಗಲ್ಲ" ಅಂದ ಮೇಲೆ "ಸ್ಲೀಪ್" ಅನ್ನಬೇಕು. ಮೂರು ಸೆಷನ್ ಆದ ಮೇಲೆ ಹೆಸರು ಹೇಳುವ ಅಗತ್ಯವೇ ಬೀಳಲಿಲ್ಲ. ಆಕಳಿಕೆ ಅಂದ ಕೂಡಲೇ ಪಕ್ಕದಲ್ಲಿದ್ದವರು ತಮ್ಮ ಪಾತ್ರಗಳನ್ನು ಹಿಂದಕ್ಕೆ ಸರಿಸುತ್ತಿದ್ದರು.

ಹುಟ್ಟಿನಿಂದ ಬಂದ ಶಕ್ತಿ ಅಂದ ತಕ್ಷಣ ನಮ್ಮ ಕಡೆಯವರ ಮನಸ್ಸಿಗೆ ಮೈಮೇಲೆ ಬರುವುದು ನೆನಪಾಗುತ್ತದೆ. ನಾನೂ ಒಂದು ಸಲ ಹಾಗೇ ಆಡಿದೆ, ಕಣ್ಣು ಮೇಲೆ ಮಾಡಿ, ದನಿ ಬದಲಿಸಿ. ಸರಿ ಹೊಂದಲಿಲ್ಲ. ಮೈಮೇಲೆ ಬರುವುದು ಹೊರಗಿನಿಂದ ಬರುವುದು, ಇಳಿದು ಹೋಗುವುದು. ವಾರ್ಲಾಕ್ ಅನ್ನುವ ಇನ್ನೊಂದು ಕ್ಲಾಸಿಗೂ ಶಕ್ತಿ ಕೊಡುವವರು ಬೇರೆ ಯಾರೋ ಇರುತ್ತಾರೆ. ಸಾರ್ಸರರ್‌ದು ಇಳಿಯುವುದಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರಲ್ಲ, ಅದು. ಅದಕ್ಕೇ ಸ್ಪೆಲ್ ಹಾಕುವಾಗ ತೊರೆಯ ದನಿ ಬದಲಾಗುವುದಿಲ್ಲ ಅಂತ ಗಟ್ಟಿ ಮಾಡಿಕೊಂಡೆ.

ಅವಳದ್ದು ವೈಲ್ಡ್ ಮ್ಯಾಜಿಕ್, ಅಂದರೆ ಹಿಡಿತಕ್ಕೆ ಸಿಗದ ಮ್ಯಾಜಿಕ್. ಕ್ಯಾಂಟ್ರಿಪ್ ಅಲ್ಲದ ಸ್ಪೆಲ್ ಹಾಕಿದಾಗ ಡಿಎಂ ಹೇಳಿದರೆ ಡಿ20 (20 ಮುಖದ ಡೈಸ್) ಉರುಳಿಸಬೇಕು. 1 ಬಿದ್ದರೆ 1ರಿಂದ 100ರವರೆಗಿನ ಡೈಸ್ ಉರುಳಿಸಿ ವಿಚಿತ್ರ ಪರಿಣಾಮಗಳ ಪಟ್ಟಿ ನೋಡಬೇಕು. ಅದರಲ್ಲಿ ನಮ್ಮ ಮೇಲೇ ಬೀಳುವ ಫೈರ್‌ಬಾಲ್ ಕೂಡ ಇದೆ, 8ಡಿ6 (ಆರು ಮುಖದ ಎಂಟು ಡೈಸ್) ಡ್ಯಾಮೇಜ್, ಶುರುವಿನ ಲೆವೆಲ್‌ನಲ್ಲಿ ನಮ್ಮ ಇಡೀ ತಂಡ ಸಾಯಬಹುದು. ಜೊತೆಯವರು ಒಪ್ಪದೆ ಇದನ್ನು ತರಬೇಡಿ. ನಮಗೆ ಬಿದ್ದದ್ದು ಬೇರೆ. ತುಂಬಿದ ಸಂತೆಯಲ್ಲಿ ತೊರೆಯ ಚರ್ಮ ಕಡುನೀಲಿ ಆಯಿತು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ತೊರೆ ನಗಲಿಲ್ಲ. ಮುಸುಕು ಹಾಕಿಕೊಂಡಳು, ಅಂಗಡಿಯವರ ಜೊತೆ ಮಾತು ನಿಲ್ಲಿಸಿದಳು, ಊಟಕ್ಕೆ ಎಲ್ಲರಿಗೂ ಬೆನ್ನು ಹಾಕಿ ಕೂತಳು. ಶಾಪ ತೆಗೆಯುವ ರಿಮೂವ್ ಕರ್ಸ್ ಸ್ಪೆಲ್ ಹಾಕುವವರು ಸಿಗುವವರೆಗೆ ಹಾಗೇ ಇದ್ದಳು. ಪಟ್ಟಿ ತಮಾಷೆಯದೇ ಇರಬಹುದು, ಆ ಹುಡುಗಿಗೆ ಅದು ತನ್ನ ಮೈ.

ಒಂದು ವಿಷಯ ಮಾತ್ರ ನನ್ನನ್ನು ಕಾಡುತ್ತಿತ್ತು. ಹುಟ್ಟಿನಿಂದ ಬಂದವಳಿಗೂ ನಿಯಮದ ಪ್ರಕಾರ ಹಲವು ಸ್ಪೆಲ್‌ಗಳಿಗೆ ಸಾಮಾನು ಬೇಕು, ಇಲ್ಲ ಅಂದರೆ ಅದರ ಬದಲಿಗೆ ಹಿಡಿಯುವ ಫೋಕಸ್ ಬೇಕು. ಯಾಕೆ? ತುಂಬಾ ಯೋಚಿಸಿ, ಹೊಳೆಯಲ್ಲಿ ಸಿಕ್ಕ ಒಂದು ಹರಳು ಕೊಟ್ಟೆ. ಅದರಲ್ಲಿ ಶಕ್ತಿ ಇದೆ ಅಂತ ತೊರೆ ನಂಬುವುದಿಲ್ಲ. ಕೈ ನಡುಗದಿರಲಿ ಅಂತ ಹಿಡಿದುಕೊಳ್ಳುತ್ತಾಳೆ. ನಾನೂ ಒಂದು ನಿಜವಾದ ಬೆಣಚುಕಲ್ಲು ತಂದು ಟೇಬಲ್ ಮೇಲೆ ಇಟ್ಟೆ. ಸ್ಪೆಲ್ ಹಾಕುವಾಗ ಮುಷ್ಟಿಯಲ್ಲಿ ಹಿಡಿಯುತ್ತಿದ್ದೆ.

ಮೂರನೇ ಲೆವೆಲ್‌ನಲ್ಲಿ, ಹೇಳಿದ್ದನ್ನು ಎದುರಿನವರು ಮಾಡುವಂತೆ ಮಾಡುವ ಸಜೆಶನ್ ಸ್ಪೆಲ್ ತೆಗೆದುಕೊಂಡೆ, ಜೊತೆಗೆ ಮೆಟಾಮ್ಯಾಜಿಕ್‌ನಲ್ಲಿ (ಸ್ಪೆಲ್ ಹಾಕುವ ರೀತಿಯನ್ನೇ ಬದಲಿಸುವ ಕಲೆಯಲ್ಲಿ) ಸಟಲ್ ಸ್ಪೆಲ್. ಒಂದು ಸಾರ್ಸರಿ ಪಾಯಿಂಟ್ ಕೊಟ್ಟರೆ ಬಾಯಲ್ಲಿ ಮಂತ್ರವೂ ಇಲ್ಲ, ಕೈಸನ್ನೆಯೂ ಇಲ್ಲ, ಹರಳು ಮಾತ್ರ ಬೇಕು. ಕೋಟೆ ಬಾಗಿಲಲ್ಲಿ ಕಾವಲುಗಾರ ತಡೆದ. ತೊರೆ ಅಂದಳು: "ಹೊತ್ತಾಯ್ತಣ್ಣ. ನಮ್ಮನ್ನು ಒಳಗೆ ಬಿಟ್ಟು ನೀವು ಹೋಗಿ ಊಟ ಮಾಡಿ." ಅವನು ಹೋದ. ನಾವೆಲ್ಲ ಖುಷಿಪಟ್ಟೆವು.

ಅದೇ ರಾತ್ರಿ ಶಿಬಿರದಲ್ಲಿ ತೊರೆ ನಮ್ಮ ವಿಜರ್ಡ್‌ಗೆ ಸುಮ್ನೆ ಹೇಳಿದಳು: "ಸುಸ್ತಾಗಿದ್ದೀಯ, ಹೋಗಿ ಮಲ್ಕೋ." ವಿಜರ್ಡ್ ಆಡುವ ಗೆಳತಿ ತಲೆ ಎತ್ತಿ ನೋಡಿದಳು. "ಈಗ ನೀನು ಮಾತಾಡಿದ್ದಾ, ಸ್ಪೆಲ್ ಹಾಕಿದ್ದಾ?"

ಟೇಬಲ್ ಗಪ್‌ಚುಪ್ ಆಯಿತು. ನಾನು ಇಷ್ಟು ದಿನ ಹುಡುಕುತ್ತಿದ್ದದ್ದು ಅಲ್ಲಿತ್ತು. ಇವಳ ಮ್ಯಾಜಿಕ್ ಮತ್ತು ಮಾತು ಒಂದೇ ಗಂಟಲಿನಿಂದ ಬರುತ್ತವೆ. ಅವಳು ಪ್ರೀತಿಯಿಂದ ಹೇಳಿದ್ದನ್ನೂ ಇನ್ನು ಯಾರೂ ಪೂರ್ತಿ ನಂಬಲಾರರು. ಸಾರ್ಸರರ್‌ಗೆ ಸ್ಪೆಲ್ ಹಾಕಲು ಕರಿಸ್ಮಾ (ಜನರನ್ನು ಸೆಳೆಯುವ ವ್ಯಕ್ತಿತ್ವದ ಬಲ) ಯಾಕೆ ಬೇಕು ಅಂತ ಆವತ್ತು ನನಗೆ ಅರ್ಥವಾಯಿತು.

ಆಟ ಮುಗಿದ ಮೇಲೆ ಎಲ್ಲರಿಗೂ ಮಾತು ಕೊಟ್ಟೆ, ನಿಮ್ಮ ಪಾತ್ರಗಳ ಮೇಲೆ ಸಜೆಶನ್ ಹಾಕುವುದಿಲ್ಲ ಅಂತ. ಆಡುವವರ ನಡುವೆ ಆ ನಂಬಿಕೆ ಇರಲೇಬೇಕು. ಆದರೆ ಅವರ ಪಾತ್ರಗಳಿಗೆ ಈ ಮಾತು ಗೊತ್ತಿಲ್ಲವಲ್ಲ! ಹಾಗಾಗಿ ಮುಂದಿನ ಸೆಷನ್ನಿನಿಂದ ತೊರೆ ಗೆಳೆಯರ ಜೊತೆ ಮಾತಾಡುವ ಮೊದಲು ಹರಳನ್ನು ಅವರ ಕಣ್ಣೆದುರಿಗೆ ನೆಲದ ಮೇಲೆ ಇಡತೊಡಗಿದಳು. ಯಾಕೆ ಅಂತ ಹೇಳಲಿಲ್ಲ. ನಾನೂ ಕಲ್ಲನ್ನು ಟೇಬಲ್ಲಿನ ನಡುವೆ ತಳ್ಳುತ್ತಿದ್ದೆ.

ಎಂಟು ತಿಂಗಳಾದ ಮೇಲೆ ಉರಿಯುವ ಸೇತುವೆಯ ಮೇಲೆ ವಿಜರ್ಡ್ ನಿಂತಳು. "ನೀವು ಓಡಿ, ನಾನು ತಡೀತೀನಿ." ಒಂದು ಸಜೆಶನ್ ಸಾಕಿತ್ತು, ಅವಳು ಬದುಕುತ್ತಿದ್ದಳು. ನನ್ನ ಕೈ ಕಲ್ಲಿನ ಮೇಲೆ ಹೋಯಿತು. ಗೆಳತಿ ನನ್ನ ಮುಖ ನೋಡಲಿಲ್ಲ, ಕೈ ನೋಡುತ್ತಿದ್ದಳು. ನಾನು ಕಲ್ಲನ್ನು ಅವಳ ಕಡೆಗೆ ತಳ್ಳಿದೆ. "ಬಾರೇ," ಅಂದಳು ತೊರೆ, "ನಿನ್ನ ಕಾಲಿಗೆ ಬೀಳ್ತೀನಿ, ಬಾ."

ಗೆಳತಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕಲ್ಲನ್ನು ಎತ್ತಿಕೊಂಡು ಡಿಎಂಗೆ ಹೇಳಿದಳು: "ಓಡ್ತೀನಿ."