ಕಾಡು ಟರ್ಕಿಗೆ ಮದ್ದು ಕುಡಿಸಲಾಗದು, ನೆಲ ಹದ ಮಾಡಬಹುದು

ಅಮೆರಿಕದ ಮಿಸೌರಿ ರಾಜ್ಯದ ನೈಋತ್ಯ ಮೂಲೆಯಲ್ಲಿ, ಓಝಾರ್ಕ್ಸ್ ಗುಡ್ಡಗಳ ಅಂಚಿಗೆ ನಮ್ಮದೊಂದಿಷ್ಟು ಜಮೀನಿದೆ. ಮುಕ್ಕಾಲು ಪಾಲು ಓಕ್, ಹಿಕರಿ ಮರಗಳ ಕಾಡು; ಉಳಿದದ್ದು ಹಳೆಯ ಹುಲ್ಲುಗಾವಲು. ಕಾಡು ಟರ್ಕಿ ಎಂಬ ದೊಡ್ಡ ಹಕ್ಕಿಗಳು ಮೊದಲಿನಿಂದಲೂ ಅಲ್ಲಿ ಓಡಾಡಿಕೊಂಡಿವೆ. ನಾನು ಹೆಬ್ಬಾಳದಲ್ಲಿ ಪಶುವೈದ್ಯ ಓದಿದವನಾದ್ದರಿಂದ ಅವುಗಳ ರೋಗರುಜಿನದ ಕಡೆ ಕಣ್ಣು ತಾನಾಗಿಯೇ ಹೋಗುತ್ತದೆ. ಆದರೆ ಕಾಡುಹಕ್ಕಿಯನ್ನು ಹಿಡಿದು ಜಂತುಹುಳದ ಮದ್ದು ಕುಡಿಸಲು ಬರುವುದಿಲ್ಲ, ಕಾನೂನೂ ಬಿಡುವುದಿಲ್ಲ. ನಮ್ಮ ಕೈಯಲ್ಲಿರುವುದು ನೆಲ ಒಂದೇ.

ಇಪ್ಪತ್ತನೇ ಶತಮಾನದ ನಡುವಿನ ಹೊತ್ತಿಗೆ ಮಿಸೌರಿಯಲ್ಲಿ ಕಾಡು ಟರ್ಕಿ ಹೆಚ್ಚುಕಡಿಮೆ ಮುಗಿದೇ ಹೋಗಿತ್ತು. 1954ರಿಂದ ಪೆಕ್ ರಾಂಚ್ ಎಂಬಲ್ಲಿ ಹಕ್ಕಿಗಳನ್ನು ಬಲೆ ಹಾಕಿ ಹಿಡಿದು ಬೇರೆ ಜಿಲ್ಲೆಗಳಿಗೆ ಬಿಡುತ್ತಾ ಬಂದರು; 1960ಕ್ಕೆ ಮತ್ತೆ ಬೇಟೆಗೆ ಅನುಮತಿ ಕೊಡುವಷ್ಟು ಸಂತಾನ ಬೆಳೆಯಿತು. ಈಚಿನ ಎರಡು ದಶಕಗಳಲ್ಲಿ ಮತ್ತೆ ಇಳಿಮುಖ. ದೊಡ್ಡ ಹಕ್ಕಿಗಳು ಹೇಗೋ ಬದುಕಿಕೊಳ್ಳುತ್ತವೆ, ಮರಿಗಳು ಉಳಿಯುತ್ತಿಲ್ಲ.

ಜಮೀನು ತೆಗೆದುಕೊಂಡ ಹೊಸದರಲ್ಲಿ ತಿಪಟೂರಿನಿಂದ ಬಂದಿದ್ದ ನಮ್ಮತ್ತೆ ಒಂದು ಸುತ್ತು ಹಾಕಿ, "ಅಲ್ಲಾ ಅಳಿಯಂದ್ರೇ, ಇಷ್ಟು ಜಾಗ ಇಟ್ಕೊಂಡು ನಾಲ್ಕು ಕೋಳಿ ಸಾಕಬಾರದಾ?" ಎಂದರು. "ಬೇಡ ಅತ್ತೆ, ಈ ಜಾಗದಲ್ಲಿ ಮಾತ್ರ ಬೇಡ" ಎಂದೆ. ಅವರಿಗೆ ಅದು ಜಿಪುಣತನ ಅನಿಸಿರಬೇಕು.

ಕಾರಣ ಬ್ಲ್ಯಾಕ್‌ಹೆಡ್ ರೋಗ. ಹಿಸ್ಟೋಮೋನಾಸ್ ಎಂಬ ಏಕಕೋಶ ಜೀವಿಯಿಂದ ಬರುವಂಥದ್ದು. ಈ ಜೀವಿ ಹೊರಗಡೆ ಒಂಟಿಯಾಗಿ ಹೆಚ್ಚು ಹೊತ್ತು ಬಾಳುವುದಿಲ್ಲ. ಕೋಳಿಯ ಕುರುಡು ಕರುಳಿನಲ್ಲಿರುವ ಹೆಟೆರಾಕಿಸ್ ಹುಳದ ಮೊಟ್ಟೆಯೊಳಗೆ ಸೇರಿಕೊಂಡುಬಿಟ್ಟರೆ ಮಣ್ಣಿನಲ್ಲಿ ವರ್ಷಗಟ್ಟಲೆ ಇರುತ್ತದೆ. ಆ ಮೊಟ್ಟೆಯನ್ನು ಎರೆಹುಳ ನುಂಗುತ್ತದೆ, ಎರೆಹುಳವನ್ನು ಟರ್ಕಿ ಹೆಕ್ಕುತ್ತದೆ. ಕೋಳಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಗುಂಡಗೆ ಓಡಾಡುತ್ತಲೇ ಹಿಕ್ಕೆಯಲ್ಲಿ ಹುಳದ ಮೊಟ್ಟೆ ಹಾಕುತ್ತಿರುತ್ತದೆ. ಸಾಯುವುದು ಟರ್ಕಿ.

ಹತ್ತಿರದವರೊಬ್ಬರು ಕೋಳಿಗಳ ಜೊತೆಯಲ್ಲೇ ಸಾಕಿದ್ದ ನಾಡು ಟರ್ಕಿಗಳು ಒಂದರ ಹಿಂದೊಂದು ಸತ್ತಾಗ, ಅವರು ಕರೆದರೆಂದು ಹೋಗಿ ಒಂದನ್ನು ಕೊಯ್ದು ನೋಡಿದೆ. ಬಾಲದ ಬುಡದ ಪುಕ್ಕಗಳಿಗೆ ಗಂಧಕದ ಬಣ್ಣದ ಹಳದಿ ಹಿಕ್ಕೆ ಮೆತ್ತಿಕೊಂಡಿತ್ತು. ಕುರುಡು ಕರುಳುಗಳೆರಡೂ ಬೆರಳುದಪ್ಪ ಊದಿದ್ದವು. ಸೀಳಿದರೆ ಒಳಗೆ ಒತ್ತಿಟ್ಟ ಗಿಣ್ಣಿನಂಥ ಗಟ್ಟಿ ಕೀವಿನ ತುಂಡು. ಲಿವರ್ ಮೇಲೆ ನಾಣ್ಯದಗಲದ ದುಂಡು ಗುರುತುಗಳು, ನಡುವೆ ತಗ್ಗು, ಸುತ್ತ ಬಿಳಿಚಿದ ಅಂಚು. ಇಷ್ಟು ಕಂಡ ಮೇಲೆ ಲ್ಯಾಬ್ ವರದಿ ಬರೀ ಮುದ್ರೆ ಒತ್ತುವ ಕೆಲಸ. ಅಮೆರಿಕದಲ್ಲಿ ಇದಕ್ಕೆ ಅನುಮತಿಯಿದ್ದ ಕೊನೆಯ ಔಷಧ ನೈಟಾರ್ಸೋನ್, ಆರ್ಸೆನಿಕ್ ಇದ್ದ ಕಾರಣ 2015ರ ಕೊನೆಗೆ ಮಾರುಕಟ್ಟೆಯಿಂದ ಹೋಯಿತು. ಸಾಕಿದ ಹಕ್ಕಿಗೇ ಮದ್ದಿಲ್ಲದ ಮೇಲೆ ಕಾಡಿನದಕ್ಕೆ ಎಲ್ಲಿಂದ ತರುವುದು?

ಹಾಗಾಗಿ ನಾವು ಕೋಳಿ ಸಾಕಲಿಲ್ಲ. ಅಷ್ಟಕ್ಕೇ ಮುಗಿಯಲಿಲ್ಲ. ಈ ಭಾಗದಲ್ಲಿ ಕೋಳಿ ಫಾರಂಗಳು ಬಹಳ. ಅಲ್ಲಿನ ಗೊಬ್ಬರವನ್ನು ಹುಲ್ಲುಗಾವಲಿಗೆ ಚೆಲ್ಲುವುದು ರೂಢಿ. ನಮ್ಮ ಬೇಲಿಯಾಚೆ ಹುಲ್ಲು ಬೆಳೆಯುವ ಹಿರಿಯರ ಹತ್ತಿರ ಹೋಗಿ, ಕಾಡಿಗೆ ತಾಗಿದ ಪಟ್ಟಿಯಲ್ಲಿ ಹಸಿ ಗೊಬ್ಬರ ಹಾಕಬೇಡಿ, ಚೆನ್ನಾಗಿ ಕಾವೆದ್ದು ಕಳಿತದ್ದಾದರೆ ಹಾಕಿ ಎಂದು ಕೇಳಿಕೊಂಡೆ. ಅವರೇ ಟರ್ಕಿ ಬೇಟೆಗಾರರು. ರೋಗದ ಹೆಸರು ಹೇಳಿದ್ದೇ ತಡ, ಒಪ್ಪಿದರು. ಪರಿಸರ, ಸಂರಕ್ಷಣೆ ಅಂತ ಶುರುಮಾಡಿದ್ದರೆ ಬಾಗಿಲು ಹಾಕಿಕೊಳ್ಳುತ್ತಿದ್ದರೋ ಏನೋ.

ಕಾಳು ಚೆಲ್ಲುವುದನ್ನೂ ಮಾಡಲಿಲ್ಲ. ಮೆಕ್ಕೆಜೋಳದ ರಾಶಿ ಹಾಕಿದರೆ ಹಕ್ಕಿ ಬರುತ್ತವೆ, ಫೋಟೋ ಚೆನ್ನಾಗಿ ಬರುತ್ತದೆ. ಒಂದೇ ಜಾಗದಲ್ಲಿ ಹತ್ತಾರು ಹಕ್ಕಿ ದಿನಾ ತಿಂದು ಅಲ್ಲೇ ಹಿಕ್ಕೆ ಹಾಕಿದರೆ ಹುಳದ ಮೊಟ್ಟೆಗೆ ಅದಕ್ಕಿಂತ ಅನುಕೂಲ ಬೇಕೇ? ಮಳೆ ಬಿದ್ದರೆ ಕಾಳಿಗೆ ಬೂಷ್ಟು, ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್. ಚಳ್ಳಕೆರೆ ಕಡೆಯ ಕಡಲೆಕಾಯಿ ವ್ಯಾಪಾರಿಗಳಿಗೆ ಈ ಹೆಸರು ಹೊಸದಲ್ಲ. ಆದರೆ ಈ ವಿಷ ಪತ್ತೆಯಾದದ್ದೇ ಟರ್ಕಿಗಳಿಂದ: 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷ ಟರ್ಕಿ ಮರಿಗಳು ಸತ್ತು, ಹುಡುಕುತ್ತಾ ಹೋದರೆ ಬ್ರೆಜಿಲ್‌ನಿಂದ ಬಂದ ಕಡಲೆಕಾಯಿ ಹಿಂಡಿಯ ಬೂಷ್ಟಿಗೆ ಹೋಗಿ ನಿಂತಿತು.

ಏಪ್ರಿಲ್‌ನಲ್ಲಿ ಬೇಟೆ ಶುರುವಾದರೆ ಪಕ್ಕದವರು ಹೊಡೆದ ಹುಂಜವನ್ನು ಒಮ್ಮೊಮ್ಮೆ ತೋರಿಸಲು ತರುತ್ತಾರೆ. ತಲೆಯ ಬೋಳು ಚರ್ಮದ ಮೇಲೆ ಗಂಟುಗಳಿದ್ದರೆ ಸೊಳ್ಳೆಯಿಂದ ಹರಡುವ ಸಿಡುಬಿರಬಹುದು. ಎಲ್‌ಪಿಡಿವಿ ಎಂಬ ವೈರಸ್ಸಿನ ಗಂಟೂ ಇರಬಹುದು. ಈ ಎರಡನೆಯದು ಅಮೆರಿಕದ ಕಾಡು ಟರ್ಕಿಯಲ್ಲಿ ಮೊದಲು ಸಿಕ್ಕಿದ್ದು 2009ರಲ್ಲಿ. ಆಮೇಲೆ ಹುಡುಕಿದಲ್ಲೆಲ್ಲ ಸಿಕ್ಕಿತು, ಅದೂ ಬಹುಪಾಲು ಗಟ್ಟಿಮುಟ್ಟಾದ ಹಕ್ಕಿಗಳಲ್ಲೇ. ಬರಿಗಣ್ಣಿಗೆ ಎರಡರ ವ್ಯತ್ಯಾಸ ಗೊತ್ತಾಗದು. ಕಾಯಿಲೆಬಿದ್ದ ಹಕ್ಕಿ ಕಂಡರೆ ನಾನು ಮುಟ್ಟಲು ಹೋಗದೆ ರಾಜ್ಯದ ಸಂರಕ್ಷಣಾ ಇಲಾಖೆಗೆ ಫೋನ್ ಮಾಡುತ್ತೇನೆ.

ಬೆವರು ಸುರಿಸಿದ್ದು ಹುಲ್ಲುಗಾವಲಿಗೆ. ಅಲ್ಲಿದ್ದದ್ದು ಟಾಲ್ ಫೆಸ್ಕ್ಯೂ, ಯುರೋಪಿನಿಂದ ತಂದ ಹುಲ್ಲು. ದನಕ್ಕೆ ನಡೆಯುತ್ತದೆ, ಟರ್ಕಿ ಮರಿಗೆ ಶತ್ರು. ಮೊಬೈಲನ್ನು ನೆಲಕ್ಕಿಟ್ಟು ವಿಡಿಯೋ ಮಾಡಿ ನೋಡಿದೆ: ಮುಷ್ಟಿಗಾತ್ರದ ಮರಿಯ ಎತ್ತರದಿಂದ ಹಸಿರು ಗೋಡೆಯ ಹೊರತು ಏನೂ ಕಾಣದು, ಬುಡದಲ್ಲಿ ಬೆಳಿಗ್ಗೆ ಹತ್ತಾದರೂ ಇಬ್ಬನಿ ಆರಿರಲಿಲ್ಲ. ಮೊದಲ ಕೆಲವು ವಾರ ಮರಿಗಳು ಬದುಕುವುದೇ ಮಿಡತೆ, ಹುಳುಹುಪ್ಪಟೆಗಳಿಂದ. ಎರಡು ವಾರದವರೆಗೆ ಮರವೇರಲೂ ಆಗದು, ರಾತ್ರಿ ನೆಲದ ಮೇಲೆ ತಾಯಿಯ ರೆಕ್ಕೆಯಡಿಯೇ. ನಡೆಯಲು ಬುಡದಲ್ಲಿ ಬಯಲು ಮಣ್ಣು, ಗಿಡುಗನ ಕಣ್ಣು ತಪ್ಪಿಸಲು ಮೇಲೆ ಮೊಣಕಾಲೆತ್ತರದ ಎಲೆ, ಎರಡೂ ಬೇಕು.

ಅಕ್ಟೋಬರ್ ಕೊನೆಗೆ ಇಲ್ಲಿನ ಸ್ಥಳೀಯ ಗಿಡಗಳು ಒಣಗಿ, ಫೆಸ್ಕ್ಯೂ ಒಂದೇ ಹಸಿರಾಗಿರುತ್ತದೆ. ಆಗ ಹಸಿರೆಲೆಯ ಮೂಲಕ ಕೊಲ್ಲುವ ಗ್ಲೈಫೊಸೇಟ್ ಎಂಬ ಕಳೆನಾಶಕ ಹೊಡೆದೆ. ಮಾರನೆಯ ವರ್ಷ ಬೀಜ ಹಾಕದಿದ್ದ ಕಡೆಯೂ ಮಣ್ಣಿನಲ್ಲಿ ಮಲಗಿದ್ದದ್ದೆಲ್ಲ ಎದ್ದುಬಂತು: ಬ್ಲ್ಯಾಕ್‌ಬೆರಿ ಪೊದೆ, ಬ್ಲೂಸ್ಟೆಮ್ ಹುಲ್ಲು, ಜೊತೆಗೆ ರ‍್ಯಾಗ್‌ವೀಡ್. ಈ ರ‍್ಯಾಗ್‌ವೀಡ್ ನೋಡಲು ನಮ್ಮ ಪಾರ್ಥೇನಿಯಂನ ಸಂಬಂಧಿಯೇ. ಕಂಡಕೂಡಲೇ ಕಿತ್ತೆಸೆಯಲು ಕೈ ಹೋಗುತ್ತದೆ. ಆದರೆ ಅದರ ನೆರಳಿನಡಿ ಮರಿಗಳು ಸಲೀಸಾಗಿ ಓಡಾಡುತ್ತವೆ, ಹುಳುವೂ ಧಾರಾಳ.

ಕಾಡಿನೊಳಗೆ ಒತ್ತಾಗಿ ಬೆಳೆದಿದ್ದ ಕೆಂಪು ಸೀಡರ್ ಕಡಿದೆ. ಬುಡಕ್ಕೆ ಸರಿಯಾಗಿ ಕೊಯ್ದರೆ ಮತ್ತೆ ಚಿಗುರುವುದಿಲ್ಲ, ಅದೊಂದು ಪುಣ್ಯ. ನೆಲಕ್ಕೆ ಬೆಳಕು ಬಿದ್ದ ಮೇಲೆ, ತರಗೆಲೆ ಸುಟ್ಟು ಹೊಸ ಗಿಡ ಏಳಲೆಂದು ಬೆಂಕಿ. ನಮ್ಮ ಅರಣ್ಯ ಇಲಾಖೆಯವರು ಬೆಂಕಿ ರೇಖೆ ತೆಗೆಯುವ ಹಾಗೆ, ಇಲ್ಲಿ ಲೀಫ್ ಬ್ಲೋವರ್ ಹಿಡಿದು ತರಗೆಲೆ ಸರಿಸಿ ಮಣ್ಣು ಕಾಣುವ ಪಟ್ಟಿ ಮಾಡಿಕೊಳ್ಳುತ್ತೇವೆ. ಅಗ್ನಿಶಾಮಕದವರಿಗೂ ಅಕ್ಕಪಕ್ಕದವರಿಗೂ ತಿಳಿಸಿ, ಗಾಳಿ ಬೀಸಿಹೋಗುವ ಕಡೆಯ ಅಂಚಿಗೆ ಮೊದಲು ಹಚ್ಚಿದರೆ ಬೆಂಕಿ ಗಾಳಿಗೆ ಎದುರಾಗಿ ನಿಧಾನ ತೆವಳುತ್ತದೆ. ಒಂದೇ ಸಲ ಇಡೀ ಜಮೀನು ಸುಡುವುದಿಲ್ಲ; ತುಂಡು ಮಾಡಿಕೊಂಡು ಸರದಿಯ ಮೇಲೆ. ಹೇಂಟೆಗಳು ನೆಲದ ಮೇಲೆ ಗೂಡು ಮಾಡಿ 28 ದಿನ ಕಾವು ಕೂರುವುದರಿಂದ ಏಪ್ರಿಲ್‌ನಿಂದ ಜೂನ್‌ವರೆಗೆ ಬೆಂಕಿಕಡ್ಡಿ ಮುಟ್ಟುವುದಿಲ್ಲ.

ಸುಟ್ಟ ತುಂಡಿನಲ್ಲಿ ಆ ಬೇಸಿಗೆಗೆ ರಕ್ತ ಹೀರುವ ಉಣ್ಣೆಹುಳ ಕಡಿಮೆ. ಇಲ್ಲಿನ ಲೋನ್ ಸ್ಟಾರ್ ಉಣ್ಣೆಯ ಮರಿಗಳಿಗೆ ಟರ್ಕಿಯೂ ಒಂದು ಆಹಾರ. ಮನುಷ್ಯರಿಗೆ ಕಚ್ಚಿದರೆ ಕೆಲವರಿಗೆ ಕುರಿ, ದನ, ಹಂದಿ ಮಾಂಸ ಒಗ್ಗದಂಥ ಅಲರ್ಜಿ ಬರುತ್ತದೆ, ಕೋಳಿಗೆ ಅಡ್ಡಿಯಿಲ್ಲ. ಉಣ್ಣೆ ಹತ್ತದಂತೆ ಪರ್ಮೆಥ್ರಿನ್ ಎಂಬ ಕೀಟನಾಶಕ ಹೊಡೆದ ಪ್ಯಾಂಟಿಲ್ಲದೆ ನಾನು ಕಾಡಿಗೆ ಇಳಿಯುವುದಿಲ್ಲ.

ಜೂನ್‌ನಿಂದ ಆಗಸ್ಟ್‌ವರೆಗೆ ಸಂರಕ್ಷಣಾ ಇಲಾಖೆ ಜನರಿಂದ ಟರ್ಕಿ ಮರಿಗಳ ಲೆಕ್ಕ ಕೇಳುತ್ತದೆ, ನಾವೂ ಕಳಿಸುತ್ತೇವೆ. ಹೇಂಟೆ ದಾರಿ ದಾಟಿದ ಮೇಲೂ ಸ್ವಲ್ಪ ಹೊತ್ತು ಅಲುಗಾಡದೆ ನಿಂತಿರಬೇಕು, ಹಿಂದುಳಿದ ಮರಿಗಳು ಆಮೇಲೆ ಓಡಿಬರುತ್ತವೆ. ಮರಿಯಿಲ್ಲದ ಹೇಂಟೆ ಕಂಡರೆ ಅದನ್ನೂ ಬರೆಯಬೇಕು. ಮರಿಯಿದ್ದವನ್ನಷ್ಟೇ ಬರೆದು ಕಳಿಸಿದರೆ ಲೆಕ್ಕ ಸುಳ್ಳಾಗುತ್ತದೆ.