ಮೂರು ಅಂಕಣದ ನೋಟ್‌ಬುಕ್: ಥಾಮಸ್ ಪೇನೆಲ್‌ನ ಅನುವಾದಗಳನ್ನು ನಾನು ಓದಿದ ಬಗೆ

ನಾನು ಲ್ಯಾಟಿನ್ ಕಲಿತದ್ದು ಕರಾವಳಿಯ ಒಂದು ಸೆಮಿನರಿಯಲ್ಲಿ. ಗುರುದೀಕ್ಷೆಯ ತನಕ ಹೋಗದೆ ನಡುವೆಯೇ ಹೊರಬಂದೆನಾದರೂ ಆ ಭಾಷೆ ನನ್ನೊಡನೆ ಉಳಿದುಕೊಂಡಿತು. ಹಲವು ವರ್ಷಗಳ ನಂತರ ಲಂಡನ್ನಿನಲ್ಲಿ ಸ್ನಾತಕೋತ್ತರ ಅಧ್ಯಯನಕ್ಕೆ ಸೇರಿದಾಗ, ಹದಿನಾರನೆಯ ಶತಮಾನದ ಇಂಗ್ಲೆಂಡಿನಲ್ಲಿ ಲ್ಯಾಟಿನ್ ಗ್ರಂಥಗಳು ಜನರ ಮಾತಿಗೆ ಹೇಗೆ ಇಳಿದುಬಂದವು ಎಂಬುದನ್ನೇ ಪ್ರಬಂಧದ ವಿಷಯವಾಗಿ ಆರಿಸಿಕೊಂಡೆ. ಮಾರ್ಗದರ್ಶಕರು ಬೈಬಲಿನ ಅನುವಾದಕರನ್ನು ಸೂಚಿಸಿದರು. ಟಿಂಡೇಲನ ಬಗ್ಗೆ ಕಪಾಟುಗಟ್ಟಲೆ ಬರೆದಾಗಿರುವಲ್ಲಿ ನನ್ನದೊಂದು ಪುಟ ಸೇರಿಸುವ ಧೈರ್ಯ ನನಗಿರಲಿಲ್ಲವಾದ್ದರಿಂದ, ಹೆಚ್ಚು ಜನ ಓದದ ಥಾಮಸ್ ಪೇನೆಲ್‌ನನ್ನು ಹಿಡಿದುಕೊಂಡೆ.

ಪೇನೆಲ್ ಲಂಡನ್ನಿನ ದಕ್ಷಿಣಕ್ಕೆ, ಸರ್ರೆ ಪ್ರಾಂತದ ಮರ್ಟನ್ನಿನಲ್ಲಿದ್ದ ಅಗಸ್ಟೀನಿಯನ್ ಮಠದವನು. 1528ರಲ್ಲಿ ಅವನು ವೈದ್ಯಶಾಲೆಗೆ ಹೆಸರಾದ ಇಟಲಿಯ ಸಾಲೆರ್ನೋದ ಆರೋಗ್ಯ ಪದ್ಯಗಳನ್ನು, ಅಂದರೆ 'ರೆಜಿಮೆನ್ ಸಾನಿತಾತಿಸ್ ಸಾಲೆರ್ನಿ' ಎಂಬ ಗ್ರಂಥವನ್ನು ಇಂಗ್ಲಿಷಿಗೆ ತಂದನು. 1533ರಲ್ಲಿ ಉಲ್ರಿಕ್ ಫಾನ್ ಹುಟ್ಟೆನ್ ಎಂಬ ಜರ್ಮನ್ ವೀರನು ಫ್ರೆಂಚ್ ರೋಗದ ಬಗ್ಗೆ, ಎಂದರೆ ನಾವಿಂದು ಸಿಫಿಲಿಸ್ ಎನ್ನುವುದರ ಬಗ್ಗೆ, ಬರೆದ ಪುಸ್ತಕವನ್ನು ತಂದನು. ಇವುಗಳ ಜೊತೆಜೊತೆಗೇ ಡಚ್ ವಿದ್ವಾಂಸ ಎರಾಸ್ಮಸ್‌ನ ಲೋಕತ್ಯಾಗದ ಗ್ರಂಥವನ್ನೂ, ಮುಂದೆ ಸಂತ ಅಗಸ್ಟೀನನ ಪ್ರವಚನಗಳನ್ನೂ ಅನುವಾದಿಸಿದನು. ಮೈಯ ಔಷಧವೂ ಆತ್ಮದ ಔಷಧವೂ ಒಂದೇ ಮೇಜಿನ ಮೇಲಿದ್ದವು. ಈ ಎರಡು ಬಗೆಯ ಕೆಲಸಕ್ಕೆ ಅವನು ಎರಡು ಬಗೆಯ ಭಾಷೆಯನ್ನು ಬಳಸಿದನೇ ಎಂಬುದು ನಾನು ಹಾಕಿಕೊಂಡ ಪ್ರಶ್ನೆಯಾಗಿತ್ತು.

ಮೊದಲ ತೊಡಕು ಅಕ್ಷರದ್ದೇ. ಆ ಕಾಲದ ಇಂಗ್ಲಿಷ್ ಪುಸ್ತಕಗಳು ಕಪ್ಪಾದ, ಕೋನಕೋನವಾದ, ಒತ್ತೊತ್ತಾಗಿ ನಿಂತ ಅಕ್ಷರಗಳಲ್ಲಿ ಅಚ್ಚಾಗಿವೆ. ಉದ್ದನೆಯ 'ಎಸ್' ಅಕ್ಷರ ನೋಡಲು 'ಎಫ್' ಇದ್ದಂತೆ ಕಾಣುತ್ತದೆ. 'ಯು' ಮತ್ತು 'ವಿ' ಒಂದರ ಜಾಗದಲ್ಲಿ ಇನ್ನೊಂದು ಬರುತ್ತವೆ. ಸ್ವರದ ತಲೆಯ ಮೇಲೆ ಒಂದು ಗೆರೆಯಿದ್ದರೆ ಅಲ್ಲೊಂದು 'ಎಮ್' ಅಥವಾ 'ಎನ್' ಅಡಗಿದೆ ಎಂದು ತಿಳಿಯಬೇಕು, ಥೇಟ್ ನಮ್ಮ ಅನುಸ್ವಾರದ ಹಾಗೆ. ಕನ್ನಡ ಓದುವವನಿಗೆ ಈ ಕೊನೆಯದು ಎರಡು ದಿನದಲ್ಲಿ ರೂಢಿಯಾಯಿತೆಂಬುದನ್ನು ಸ್ವಲ್ಪ ಹೆಮ್ಮೆಯಿಂದಲೇ ಹೇಳುತ್ತೇನೆ. ಉಳಿದದ್ದಕ್ಕೆ ಮೂರು ತಿಂಗಳು ಹಿಡಿಯಿತು. ಯಂತ್ರ ಓದಿಕೊಟ್ಟ ಪಾಠವನ್ನು ನಂಬದೆ, ಪ್ರತಿ ಪುಟವನ್ನೂ ಕೈಯಿಂದಲೇ ಬರೆದುಕೊಂಡೆ.

ಬರೆದುಕೊಂಡ ನೋಟ್‌ಬುಕ್ಕಿನಲ್ಲಿ ಮೂರು ಅಂಕಣಗಳಿದ್ದವು. ಎಡಗಡೆ ಲ್ಯಾಟಿನ್, ಬಲಗಡೆ ಪೇನೆಲ್‌ನ ಇಂಗ್ಲಿಷ್. ನಡುವಣ ಅಂಕಣ ನನ್ನದು. ಪೇನೆಲ್‌ನ ಅನುವಾದವನ್ನು ನೋಡುವ ಮೊದಲೇ ಆ ಲ್ಯಾಟಿನ್ ವಾಕ್ಯವನ್ನು ನಾನೇ ಇಂಗ್ಲಿಷಿಗೆ ತಿರುಗಿಸಿ ನಡುವೆ ಬರೆಯಬೇಕು, ಆಮೇಲೆ ಬಲಗಡೆಯದನ್ನು ತೆರೆಯಬೇಕು ಎಂಬ ನಿಯಮ ಹಾಕಿಕೊಂಡೆ. ಬರೇ ಮೂಲ ಮತ್ತು ಅನುವಾದಗಳನ್ನು ಅಕ್ಕಪಕ್ಕ ಇಟ್ಟು ಓದಿದರೆ ಅನುವಾದಕನು ಮಾಡಿದ್ದೆಲ್ಲ ಸಹಜವಾಗಿಯೇ ಕಾಣುತ್ತದೆ. ಅದೇ ವಾಕ್ಯದಲ್ಲಿ ನಾವೂ ಒಮ್ಮೆ ಎಡವಿದ್ದರೆ ಮಾತ್ರ ಅವನೆಲ್ಲಿ ಕಾಲೆತ್ತಿ ದಾಟಿದ ಎಂಬುದು ಗೊತ್ತಾಗುತ್ತದೆ. ಇದರ ಜೊತೆಗೆ ಇನ್ನೊಂದು ಕಟ್ಟುಪಾಡನ್ನೂ ವಿಧಿಸಿಕೊಂಡಿದ್ದೆ: ಅರ್ಥಕ್ಕಾಗಿ ಇಂದಿನ ಲ್ಯಾಟಿನ್ ನಿಘಂಟನ್ನು ಮುಟ್ಟುವಂತಿರಲಿಲ್ಲ. 1500ರಲ್ಲಿ ಅಚ್ಚಾದ 'ಓರ್ತುಸ್ ವೊಕಾಬುಲೋರುಮ್' ಎಂಬ ಲ್ಯಾಟಿನ್–ಇಂಗ್ಲಿಷ್ ಪದಕೋಶದ ಪುಟಗಳನ್ನೇ ಮೊದಲು ನೋಡಬೇಕಿತ್ತು. ಥಾಮಸ್ ಎಲಿಯಟ್‌ನ ಹೆಸರಾಂತ ನಿಘಂಟು ಹೊರಬಂದದ್ದು 1538ರಲ್ಲಿ. ಪೇನೆಲ್ ತನ್ನ ಮೊದಲ ಕೆಲಸ ಮಾಡಿದಾಗ ಅದು ಇರಲಿಲ್ಲ. ಈ ಕಟ್ಟುಪಾಡು ನನ್ನನ್ನು ತುಂಬ ನಿಧಾನಗೊಳಿಸಿತು, ದಿನಕ್ಕೆ ಒಂದು ಪುಟ ಮುಗಿದರೆ ಹೆಚ್ಚು.

ಇಲ್ಲಿ ನನ್ನದೇ ಒಂದು ದೊಡ್ಡ ತಪ್ಪನ್ನು ಹೇಳಿಕೊಳ್ಳಬೇಕು. ಸಾಲೆರ್ನೋದ ಪದ್ಯಗಳಿಗೆ ಒಂದೇ ಒಂದು ಮೂಲ ಇದೆ ಎಂದು ನಾನು ಭಾವಿಸಿದ್ದೆ. ಕೈಗೆ ಸಿಕ್ಕಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ ಇಟಲಿಯ ದೆ ರೆಂಝಿ ಸಂಪಾದಿಸಿದ ಪಾಠ. ಅದರಲ್ಲಿ 3,500ಕ್ಕೂ ಹೆಚ್ಚು ಸಾಲುಗಳಿವೆ. ಅದರ ಎದುರಿಗೆ ಪೇನೆಲ್‌ನ ಪುಸ್ತಕವನ್ನಿಟ್ಟಾಗ ಅವನು ಹತ್ತರಲ್ಲಿ ಒಂಬತ್ತು ಪಾಲು ಬಿಟ್ಟುಬಿಟ್ಟಿದ್ದಾನೆ ಎಂದು ಕಂಡಿತು. ಮಠವಾಸಿಯ ಸಂಕೋಚದಿಂದಲೋ ಮುದ್ರಕನ ಕಾಗದದ ಖರ್ಚಿನಿಂದಲೋ ಹೀಗೆ ಕತ್ತರಿಸಿರಬೇಕೆಂದು ಇಡೀ ಅಧ್ಯಾಯವನ್ನೇ ಬರೆದುಬಿಟ್ಟೆ. ಆಮೇಲೆ ತಿಳಿದದ್ದೇನೆಂದರೆ, ಈ ಪದ್ಯಗಳು ಒಬ್ಬ ಕವಿಯದಲ್ಲ, ಬಾಯಿಂದ ಬಾಯಿಗೆ ಹೋಗುತ್ತ ಗಾದೆಗಳಂತೆ ಬೆಳೆದವು. ದೆ ರೆಂಝಿ ನಾನಾ ಹಸ್ತಪ್ರತಿಗಳಿಂದ ಆಯ್ದು ಒಟ್ಟುಗೂಡಿಸಿದ್ದರಿಂದ ಅಷ್ಟು ದೊಡ್ಡದಾಗಿತ್ತು. ಪೇನೆಲ್‌ನ ಕಾಲದಲ್ಲಿ ಓಡಾಡುತ್ತಿದ್ದ ಅಚ್ಚಿನ ಪುಸ್ತಕದಲ್ಲಿ ಇದ್ದದ್ದು ಸುಮಾರು 360 ಸಾಲು, ಜೊತೆಗೆ ವಿಲಾನೋವಾದ ಆರ್ನಾಲ್ಡ್‌ನ ಹೆಸರಿನಲ್ಲಿ ಬಂದ ಉದ್ದನೆಯ ವ್ಯಾಖ್ಯಾನ. ಅವನು ಕತ್ತರಿಸಿರಲಿಲ್ಲ, ಬಿಟ್ಟದ್ದೆಂದು ನಾನು ಎಣಿಸಿದ ಸಾಲುಗಳು ಅವನ ಕಣ್ಣಿಗೇ ಬಿದ್ದಿರಲಿಲ್ಲ. ಅಧ್ಯಾಯ ಕಸದ ಬುಟ್ಟಿಗೆ ಹೋಯಿತು. ಅನುವಾದವನ್ನು ಅಳೆಯುವ ಮೊದಲು ಅನುವಾದಕನ ಕೈಯಲ್ಲಿದ್ದ ಮೂಲ ಯಾವುದೆಂದು ಪತ್ತೆ ಮಾಡಬೇಕೆಂಬುದು ಈ ಕೆಲಸದ ಮೊದಲ ಪಾಠವೆಂದು ಎಲ್ಲರೂ ಹೇಳುತ್ತಾರೆ. ನಾನು ಅದನ್ನು ಆರು ವಾರ ಕಳೆದುಕೊಂಡು ಕಲಿತೆ.

ಎರಡನೆಯ ತಪ್ಪು ಕನ್ನಡದಿಂದಲೇ ಬಂತು. ಬೇಗ ಬರೆದುಕೊಳ್ಳಲೆಂದು ಅಂಚಿನ ಟಿಪ್ಪಣಿಗಳನ್ನು ಕನ್ನಡದಲ್ಲಿ ಮಾಡುತ್ತಿದ್ದೆ. ವ್ಯಾಖ್ಯಾನದ ತುಂಬ ದೇಹದ ನಾಲ್ಕು ರಸಗಳ ಮಾತು ಬರುತ್ತದೆ: ರಕ್ತ, ಫ್ಲೆಮ್, ಕಾಲರ್, ಮೆಲಂಕಲಿ. ಫ್ಲೆಮ್ ಬಂದಲ್ಲಿ 'ಕಫ' ಎಂದೂ ಕಾಲರ್ ಬಂದಲ್ಲಿ 'ಪಿತ್ತ' ಎಂದೂ ಗೀಚಿಕೊಂಡೆ. ಮೆಲಂಕಲಿ ಶೀತ ಮತ್ತು ರೂಕ್ಷವಾದ್ದರಿಂದ ಅದಕ್ಕೆ 'ವಾತ' ಎಂದು ಬರೆದೆ. ಹೀಗೆ ಮಾಡಿದ ಮೇಲೆ ರಕ್ತಕ್ಕೆ ಜೊತೆ ಸಿಗಲಿಲ್ಲ. ಆಯುರ್ವೇದದಲ್ಲಿ ರಕ್ತ ಸಪ್ತಧಾತುಗಳಲ್ಲಿ ಒಂದು, ದೋಷವಲ್ಲ. ಗ್ರೀಕ್ ವೈದ್ಯದಲ್ಲಾದರೋ ಅದು ಉಳಿದ ಮೂರರ ಸಮಾನಸ್ಥ, ಉಷ್ಣವೂ ಆರ್ದ್ರವೂ ಆದ ರಸ. ಮೆಲಂಕಲಿ ಎಂದರೆ ಕರಿಪಿತ್ತ, ಅದೊಂದು ದ್ರವ. ವಾತವಾದರೋ ಚಲನೆಯ ತತ್ತ್ವ. ನನ್ನ ಟಿಪ್ಪಣಿಗಳನ್ನು ನಾನೇ ತಿಂಗಳ ನಂತರ ಓದಿದಾಗ ಸಾಲೆರ್ನೋದ ವೈದ್ಯರು ಚರಕನನ್ನು ಓದಿದ್ದರೇನೋ ಎನ್ನಿಸುವಂತಿತ್ತು. ಅಂದಿನಿಂದ ಆ ನಾಲ್ಕು ಪದಗಳನ್ನು ಹಾಗೆಯೇ ಉಳಿಸಿಕೊಂಡೆ.

ಪೇನೆಲ್ ಎದುರಿಸಿದ ತೊಡಕು ಇದಕ್ಕಿಂತ ಬೇರೆಯಲ್ಲವೆಂಬುದು ಆಗ ಅರಿವಾಯಿತು. ಹತ್ತಿರದ ಪದ ಸಿಕ್ಕಿದರೆ ಅದು ಅಪಾಯ, ಸಿಗದಿದ್ದರೆ ಪರಭಾಷೆಯ ಪದವನ್ನೇ ನಿಲ್ಲಿಸಬೇಕು. ಪದ್ಯಗಳ ವಿಷಯದಲ್ಲಿ ಅವನು ಕಂಡುಕೊಂಡ ದಾರಿ ವಿಚಿತ್ರವಾಗಿದೆ: ಲ್ಯಾಟಿನ್ ಪದ್ಯಗಳನ್ನು ಲ್ಯಾಟಿನ್ನಿನಲ್ಲಿಯೇ ಅಚ್ಚು ಹಾಕಿಸಿ, ವ್ಯಾಖ್ಯಾನವನ್ನು ಮಾತ್ರ ಇಂಗ್ಲಿಷ್ ಗದ್ಯಕ್ಕೆ ತಂದನು. ಪದ್ಯವನ್ನು ಕಟ್ಟಲಾರದ ಸೋಮಾರಿತನವೆಂದು ನಾನು ಮೊದಲಿಗೆ ಅಂದುಕೊಂಡಿದ್ದೆ. ಸಂಸ್ಕೃತ ಶ್ಲೋಕವನ್ನು ಹಾಗೆಯೇ ಇಟ್ಟು ಕೆಳಗೆ ಕನ್ನಡದಲ್ಲಿ ಟೀಕೆ ಬರೆದ ಪುಸ್ತಕಗಳನ್ನು ಚಿಕ್ಕಂದಿನಿಂದ ನೋಡಿದವನಿಗೆ ಇದರಲ್ಲಿ ಸೋಮಾರಿತನ ಕಾಣಬಾರದಿತ್ತು. ಪದ್ಯ ಬಾಯಿಪಾಠಕ್ಕೆ, ಗದ್ಯ ತಿಳಿವಿಗೆ. 1607ರಲ್ಲಿ ಜಾನ್ ಹ್ಯಾರಿಂಗ್ಟನ್ ಅದೇ ಪದ್ಯಗಳನ್ನು ಇಂಗ್ಲಿಷ್ ಪ್ರಾಸದಲ್ಲಿ ಹಾಡಿದನು. ವೈದ್ಯರಿಲ್ಲದಿದ್ದರೆ ಹರ್ಷದ ಮನಸ್ಸು, ವಿಶ್ರಾಂತಿ, ಮಿತಾಹಾರ ಎಂಬ ಮೂರೇ ವೈದ್ಯರು ಸಾಕೆನ್ನುವ ಸಾಲನ್ನು ಅವನು ಡಾಕ್ಟರ್ ಕ್ವಾಯೆಟ್, ಡಾಕ್ಟರ್ ಮೆರಿಮನ್, ಡಾಕ್ಟರ್ ಡಯೆಟ್ ಎಂದು ಮೂರು ಪಾತ್ರಗಳನ್ನಾಗಿ ಮಾಡಿದನು. ಓದಲು ಸೊಗಸು. ಆದರೆ ಯಾವ ಮಾಂಸ ಯಾಕೆ ಜೀರ್ಣವಾಗದು, ಊಟವಾದ ಕೂಡಲೇ ಮಲಗಿದರೆ ಆಗುವುದೇನು ಎಂಬ ಕಾರಣಗಳು ಬೇಕಿದ್ದವನು ಪೇನೆಲ್‌ನ ಒರಟು ಗದ್ಯಕ್ಕೇ ಹೋಗಬೇಕಿತ್ತು.

ಆ ಗದ್ಯದಲ್ಲಿ ನನ್ನನ್ನು ಬಹುಕಾಲ ಕಾಡಿದ್ದು ಅವನ ಜೋಡಿಪದಗಳು. ಲ್ಯಾಟಿನ್ನಿನ ಒಂದು ಪದಕ್ಕೆ ಇಂಗ್ಲಿಷಿನ ಎರಡು ಪದಗಳನ್ನು ಕಟ್ಟುವುದು ಆ ಕಾಲದ ಅನುವಾದಕರ ರೂಢಿ. ಅಪರಿಚಿತವಾದ ಲ್ಯಾಟಿನ್ ಮೂಲದ ಪದದ ಪಕ್ಕದಲ್ಲಿ ಮನೆಮಾತಿನ ಪದವನ್ನಿಟ್ಟು ಅರ್ಥ ಬಿಡಿಸುವ ಉಪಾಯವಿದು ಎಂದು ಎಣಿಸಿ, ಎಲ್ಲವನ್ನೂ ಹಾಗೆಯೇ ಪಟ್ಟಿ ಮಾಡಿದ್ದೆ. ಹುಟ್ಟೆನ್ ಪುಸ್ತಕದ ಮುನ್ನುಡಿಯನ್ನು ಓದಿದಾಗ ಆ ಪಟ್ಟಿಯ ಅರ್ಧ ಬಿದ್ದುಹೋಯಿತು. ಅಲ್ಲಿ ಅವನು ಯಾವುದನ್ನೂ ಅನುವಾದಿಸುತ್ತಿಲ್ಲ, ತನ್ನ ಮಾತನ್ನೇ ಆಡುತ್ತಿದ್ದಾನೆ. ಆದರೂ ಸಾಲೆರ್ನೋದ ಪುಸ್ತಕ 'ತುಂಬ ಅಗತ್ಯವಾದುದು ಮತ್ತು ಬಹಳ ಉಪಯುಕ್ತವಾದುದು' ಎಂದೇ ಬರೆಯುತ್ತಾನೆ. ಜೋಡಿ ಎಂಬುದು ಅವನ ಉಸಿರಿನ ಲಯವಾಗಿತ್ತು.

ವೈದ್ಯಕ್ಕೂ ಧರ್ಮಕ್ಕೂ ಎರಡು ಭಾಷೆಗಳಿದ್ದವೇ ಎಂಬ ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಒಂದೇ ಪದದಲ್ಲಿ. ಲ್ಯಾಟಿನ್ನಿನ 'ಸಾಲುಸ್' ಎಂದರೆ ಆರೋಗ್ಯವೂ ಹೌದು, ಆತ್ಮದ ರಕ್ಷಣೆಯೂ ಹೌದು. ನನ್ನ ನಡು ಅಂಕಣದಲ್ಲಿ ವೈದ್ಯಗ್ರಂಥದ ಮುಂದೆ 'ಹೆಲ್ತ್' ಎಂದೂ ಧರ್ಮಗ್ರಂಥದ ಮುಂದೆ 'ಸ್ಯಾಲ್ವೇಶನ್' ಎಂದೂ ಸಂದೇಹವಿಲ್ಲದೆ ಬರೆಯುತ್ತ ಹೋಗಿದ್ದೆ, ಸೆಮಿನರಿಯಲ್ಲಿ ಕಲಿತದ್ದು ಹಾಗೆ. ಆ ಕಾಲದ ಇಂಗ್ಲಿಷಿಗೆ ಈ ಗೋಡೆ ಇರಲಿಲ್ಲ. ಸುಂಕದ ಜಕ್ಕಾಯನ ಮನೆಗೆ ಯೇಸು ಬಂದ ಪ್ರಸಂಗದಲ್ಲಿ ಟಿಂಡೇಲ್ 'ಈ ದಿನ ಈ ಮನೆಗೆ ಹೆಲ್ತ್ ಬಂದಿದೆ' ಎಂದೇ ಬರೆದನು. 1611ರ ಬೈಬಲಿನಲ್ಲಿ ಅದು 'ಸ್ಯಾಲ್ವೇಶನ್' ಆಯಿತು. ಜನರು ತಮ್ಮನ್ನು ಹೆಲ್ತ್‌ನಲ್ಲಿ ಆಳಿಕೊಳ್ಳಲು ಕಲಿಸುವ ಪುಸ್ತಕ ಇದು ಎಂದು 1528ರ ಶೀರ್ಷಿಕೆ ಹೇಳಿದಾಗ, ಅದನ್ನು ಓದುವವನ ಕಿವಿಯಲ್ಲಿ ದೇವಾಲಯದ ಮಾತೂ ಇತ್ತು. ಸಾಲೆರ್ನೋದ ಪದ್ಯಕಾರರಿಗೆ ಈ ಆಟ ಗೊತ್ತಿತ್ತು: 'ಸಾಲ್ವಿಯಾ' ಎಂಬ ಸೇಜ್ ಗಿಡವನ್ನು ಅವರು 'ಸಾಲ್ವಿಯಾ ಸಾಲ್ವಾತ್ರಿಕ್ಸ್', ರಕ್ಷಕಿಯಾದ ಸಾಲ್ವಿಯಾ ಎಂದು ಕರೆದರು. ಹಿತ್ತಿಲಲ್ಲಿ ಸಾಲ್ವಿಯಾ ಬೆಳೆದವನು ಸಾಯುವುದಾದರೂ ಏಕೆ ಎಂದು ಕೇಳಿ, ಸಾವಿನ ಬಲದೆದುರು ತೋಟಗಳಲ್ಲಿ ಮದ್ದಿಲ್ಲ ಎಂದು ತಾವೇ ಉತ್ತರ ಕೊಟ್ಟರು. ಇಂಗ್ಲಿಷಿನ 'ಸೇಜ್' ಎಂಬ ಹೆಸರಿನಲ್ಲಿ ಈ ಶ್ಲೇಷೆ ಉಳಿಯುವುದಿಲ್ಲ. ಪದ್ಯವನ್ನು ಲ್ಯಾಟಿನ್ನಿನಲ್ಲಿ ಬಿಟ್ಟದ್ದರ ಇನ್ನೊಂದು ಲಾಭ ನನಗೆ ಇಲ್ಲಿ ಕಂಡಿತು.

ಹುಟ್ಟೆನ್‌ನ ಪುಸ್ತಕದಲ್ಲಂತೂ ಮದ್ದಿಗೆ ಇಂಗ್ಲಿಷ್ ಹೆಸರೇ ಇರಲಿಲ್ಲ. ಹಿಸ್ಪಾನಿಯೋಲಾ ದ್ವೀಪದಿಂದ ಹಡಗಿನಲ್ಲಿ ಬರುತ್ತಿದ್ದ ಗ್ವಾಯಾಕುಮ್ ಮರದ ಚಕ್ಕೆಯನ್ನು ನೀರಿನಲ್ಲಿ ನೆನೆಹಾಕಿ, ಮಂದ ಉರಿಯಲ್ಲಿ ಅರ್ಧಕ್ಕೆ ಇಳಿಯುವಂತೆ ಕುದಿಸಿ, ನೊರೆಯನ್ನು ಹುಣ್ಣಿಗೆ ಹಚ್ಚಿ, ಕಷಾಯವನ್ನು ಕುಡಿಸಿ, ರೋಗಿಯನ್ನು ಬೆಚ್ಚಗಿನ ಕೋಣೆಯಲ್ಲಿ ಅಲ್ಪಾಹಾರದ ಮೇಲೆ ಮುಚ್ಚಿಡುವ ಚಿಕಿತ್ಸೆ ಅದು. ಈ ಭಾಗ ನನಗೆ ಬಹಳ ಸುಲಭವಾಯಿತು, ಕಷಾಯದ ಕನ್ನಡ ನನ್ನ ಅಜ್ಜಿಯ ಅಡುಗೆಮನೆಯಿಂದ ತಾನಾಗಿ ಬಂತು. ಮರದ ಹೆಸರನ್ನು ಪೇನೆಲ್ ಲ್ಯಾಟಿನ್ನಿನಂತೆಯೇ ಇಟ್ಟುಕೊಂಡನು. ಪಾದರಸದ ಲೇಪಕ್ಕಿಂತ ಇದು ಮೇಲೆಂದು, ತಾನು ಗುಣವಾದೆನೆಂದು ಹುಟ್ಟೆನ್ 1519ರಲ್ಲಿ ಸಾರಿದ್ದನು. 1523ರಲ್ಲಿ ಅದೇ ರೋಗದಿಂದ ಜ್ಯೂರಿಕ್ ಸರೋವರದ ಒಂದು ದ್ವೀಪದಲ್ಲಿ ತೀರಿಕೊಂಡನು. ಅವನ ಗುಣದ ಕಥೆ ಇಂಗ್ಲಿಷಿನಲ್ಲಿ ಹೊರಬಂದದ್ದು ಅವನು ಸತ್ತು ಹತ್ತು ವರ್ಷಗಳಾದ ಮೇಲೆ. ಮಲದಲ್ಲಿ ಅಡಗಿದ ರಕ್ತವನ್ನು ಪತ್ತೆಹಚ್ಚುವ ಪರೀಕ್ಷೆಯಲ್ಲಿ ಇದೇ ಮರದ ರಾಳ ನಮ್ಮ ಕಾಲದವರೆಗೂ ಬಳಕೆಯಲ್ಲಿದೆ ಎಂದು ವೈದ್ಯ ಗೆಳೆಯರೊಬ್ಬರಿಂದ ತಿಳಿದೆ.

ಮರ್ಟನ್ನಿಗೆ ನಾನು ಹೋದದ್ದು ಒಂದೇ ಸಲ. ಕಾಲಿಯರ್ಸ್ ವುಡ್ ನಿಲ್ದಾಣದಲ್ಲಿಳಿದು ವಾಂಡಲ್ ನದಿಯ ಕಡೆ ನಡೆದರೆ ಸೂಪರ್‌ಮಾರ್ಕೆಟ್ಟಿನ ಹತ್ತಿರ, ದೊಡ್ಡ ರಸ್ತೆಯ ಕೆಳಗೆ, ಮಠದ ಸಭಾಮಂದಿರದ ಅಡಿಪಾಯ ಉಳಿದಿದೆ. 1538ರಲ್ಲಿ ಎಂಟನೆಯ ಹೆನ್ರಿ ಮಠವನ್ನು ಮುಚ್ಚಿಸಿ ಅದರ ಕಲ್ಲುಗಳನ್ನು ತನ್ನ ನಾನ್‌ಸಚ್ ಅರಮನೆಗೆ ಸಾಗಿಸಿದನು. ಎರಾಸ್ಮಸ್ ಕೂಡ ಅಗಸ್ಟೀನಿಯನ್ ಮಠದಲ್ಲಿದ್ದವನೇ. ಮಠಜೀವನವನ್ನು ಹೊಗಳಿ ಎಳೆಯ ವಯಸ್ಸಿನಲ್ಲಿ ಬರೆದ ಆ ಗ್ರಂಥವನ್ನು 1521ರಲ್ಲಿ ಅಚ್ಚಿಗೆ ಕೊಡುವಾಗ, ಈಗಿನ ಮಠಗಳಿಗೆ ಅವಸರಪಟ್ಟು ಸೇರಬೇಡಿ ಎನ್ನುವಂಥ ಕೊನೆಯ ಅಧ್ಯಾಯವೂ ಅದರಲ್ಲಿತ್ತು. ಆ ಪುಸ್ತಕವನ್ನು ಇಂಗ್ಲಿಷಿಗೆ ತಂದವನ ಮಠವೇ ಕೆಲವೇ ವರ್ಷಗಳಲ್ಲಿ ಇಲ್ಲವಾಯಿತು. ಪೇನೆಲ್ ಮಾತ್ರ ಅನುವಾದ ನಿಲ್ಲಿಸಲಿಲ್ಲ.

ನಾನು ಕೊನೆಗೆ ಓದಿದ್ದು ಮುನ್ನುಡಿಗಳನ್ನು, ಮೊದಲೇ ಓದಬೇಕಿತ್ತು. ಲಂಡನ್ನಿಗೆ ಹೋಗಿದ್ದಾಗ ತಾನು ಮುದ್ರಕನೊಡನೆ ಮಾತಿಗೆ ಕುಳಿತು, ತನ್ನ ಹಿಂದಿನ ಪುಸ್ತಕ ಹೇಗಿದೆ ಎಂದು ಕೇಳಿದೆ, ಎಲ್ಲರೂ ಮೆಚ್ಚಿದ್ದಾರೆಂದು ಅವನು ಹೇಳಿದ, ಹೀಗೆ ಒಂದು ಪುಸ್ತಕದಿಂದ ಇನ್ನೊಂದಕ್ಕೆ ಮಾತು ಹೊರಳಿ, ಹುಟ್ಟೆನ್‌ನ ಗ್ರಂಥವನ್ನು ಇಂಗ್ಲಿಷಿಗೆ ತಂದರೆ ದೊಡ್ಡ ಉಪಕಾರವಾದೀತೆಂದು ಅವನೇ ಸೂಚಿಸಿದ ಎಂದು ಪೇನೆಲ್ ಸ್ಪಷ್ಟವಾಗಿ ಬರೆದಿದ್ದಾನೆ. ಆ ಮುದ್ರಕ ಥಾಮಸ್ ಬರ್ಥೆಲೆಟ್. ಫ್ಲೀಟ್ ಬೀದಿಯಲ್ಲಿ ಲುಕ್ರೀಸಳ ಚಿತ್ರದ ಫಲಕದಡಿ ಅವನ ಅಂಗಡಿ, 1530ರಿಂದ ಅವನು ರಾಜನ ಮುದ್ರಕ. 1526ರಲ್ಲಿ ಎರಾಸ್ಮಸ್‌ನ ಅನುವಾದಗಳನ್ನು ಅನುಮತಿಯಿಲ್ಲದೆ ಅಚ್ಚು ಹಾಕಿದ್ದಕ್ಕೆ ಲಂಡನ್ ಬಿಷಪ್ಪರ ಅಧಿಕಾರಿಯ ಮುಂದೆ ನಿಲ್ಲಬೇಕಾಗಿ ಬಂದವನೂ ಇವನೇ. ಅವುಗಳಲ್ಲೊಂದು ಥಾಮಸ್ ಮೋರ್‌ನ ಮಗಳು ಮಾರ್ಗರೆಟ್ ಮಾಡಿದ ಅನುವಾದ. ಆರೋಗ್ಯದ ಪುಸ್ತಕಕ್ಕೆ ಇಂಥ ಭಯ ಕಡಿಮೆ. ಅಲ್ಲಿ ವೈದ್ಯವನ್ನು ಇಂಗ್ಲಿಷಿನಲ್ಲಿ ಬರೆದರೆಂದು ಕೆರಳುವವರು ವೈದ್ಯರು, ಅದೂ ಬಾಯಿಮಾತಿನಲ್ಲಿ. ಗ್ರೀಕರು ಗ್ರೀಕಿನಲ್ಲಿ, ರೋಮನರು ಲ್ಯಾಟಿನ್ನಿನಲ್ಲಿ, ವೈದ್ಯ ಅವಿಸೆನ್ನ ಅರಬ್ಬಿಯಲ್ಲಿ ಬರೆಯಲಿಲ್ಲವೇ ಎಂದು, ತಾನೂ ಇಂಗ್ಲಿಷಿನಲ್ಲಿ ಆರೋಗ್ಯದ ಪುಸ್ತಕ ಬರೆದ ನಿಘಂಟುಕಾರ ಎಲಿಯಟ್ ಅವರಿಗೆ ಉತ್ತರ ಕೊಟ್ಟಿದ್ದನು.

ಇದಾದ ಮೇಲೆ ನೋಟ್‌ಬುಕ್ಕಿಗೆ ನಾಲ್ಕನೆಯ ಅಂಕಣವೊಂದನ್ನು ಎಳೆದೆ: ಈ ಪುಸ್ತಕವನ್ನು ಕೇಳಿದವರು ಯಾರು, ಒಪ್ಪಿಸಿದ್ದು ಯಾರಿಗೆ. ಸಾಲೆರ್ನೋದ ಪದ್ಯಗಳ ಮುಂದೆ ಅರಮನೆಯಲ್ಲಿ ಉನ್ನತ ಅಧಿಕಾರಿಯಾಗಿದ್ದ ಆಕ್ಸ್‌ಫರ್ಡಿನ ಅರ್ಲ್ ಜಾನ್ ಡಿ ವೇರ್‌ನ ಹೆಸರು ಬಂತು. ಇಂಗ್ಲೆಂಡಿನ ದೊರೆಗೆ ಸಾಲೆರ್ನೋದ ಶಾಲೆ ಬರೆದದ್ದು ಎಂದು ಮೊದಲ ಸಾಲಿನಲ್ಲೇ ಹೇಳಿಕೊಳ್ಳುವ ಗ್ರಂಥಕ್ಕೆ ಅರಮನೆಯ ಅಧಿಕಾರಿಯೇ ತಕ್ಕವನು. ಎರಾಸ್ಮಸ್‌ನ ಮುಂದೆ ರಾಜನ ತಂಗಿ, ಫ್ರಾನ್ಸಿನ ವಿಧವೆ ರಾಣಿ ಮೇರಿ. ಹುಟ್ಟೆನ್‌ನ ಮುಂದೆ ಬರ್ಥೆಲೆಟ್ ಎಂದು ಬರೆದು, ಪಕ್ಕದಲ್ಲಿ ಕನ್ನಡದಲ್ಲೇ 'ಅಂಗಡಿಯಲ್ಲಿ ಮಾತು' ಎಂದು ಸೇರಿಸಿದೆ.